ಲೇಖಕಿಯರ ಗದ್ಯವನ್ನು ಕಿವಿಯಿಂದ ಓದುವುದು: ಕರಾವಳಿಯ ಓದುಕೂಟಗಳಿಗೊಂದು ಕೈಪಿಡಿ

ಉಡುಪಿ, ಮಂಗಳೂರುಗಳಲ್ಲಿ ಲೇಖಕಿಯರ ಕುರಿತ ಕಾರ್ಯಕ್ರಮಗಳಿಗೆ ಬರವಿಲ್ಲ. ದೀಪ ಬೆಳಗುತ್ತಾರೆ, ಶಾಲು ಹೊದೆಸುತ್ತಾರೆ, ಮೂರು ಪ್ರಬಂಧ ಓದುತ್ತಾರೆ. ಮೂರರಲ್ಲೂ 'ಸ್ತ್ರೀ ಸಂವೇದನೆ', 'ಶೋಷಣೆ', 'ಪ್ರತಿರೋಧ'. ಸಭೆ ಮುಗಿಯುವಷ್ಟರಲ್ಲಿ ಲೇಖಕಿ ಬರೆದ ಒಂದು ಇಡೀ ಪ್ಯಾರಾ ಯಾರ ಬಾಯಿಂದಲೂ ಬಂದಿರುವುದಿಲ್ಲ. ಅವರು ಕನ್ನಡ ಗದ್ಯಕ್ಕೆ ಏನು ಮಾಡಿದರು, ಆಮೇಲೆ ಬಂದವರ ಕೈಯಲ್ಲಿ ಅದು ಹೇಗೆ ಉಳಿಯಿತು ಎನ್ನುವ ಪ್ರಶ್ನೆಗೆ ಹೀಗೆ ಉತ್ತರ ಸಿಗುವುದಿಲ್ಲ. ಕಥೆಯ ವಸ್ತುವನ್ನು ಯಾರಾದರೂ ಎತ್ತಿಕೊಳ್ಳಬಹುದು. ಕೈಬರಹ ಕಾಣುವುದು ವಾಕ್ಯದಲ್ಲಿ. ವಾಕ್ಯವನ್ನು ಹಿಡಿಯಬೇಕಾದರೆ ಗಟ್ಟಿಯಾಗಿ ಓದಬೇಕು, ಗುರುತು ಹಾಕಬೇಕು, ಎಣಿಸಬೇಕು. ಅದಕ್ಕೆ ಹತ್ತು ಜನರ ಒಂದು ಕೂಟ, ಆರು ಬೈಠಕ್ ಸಾಕು. ಮಾಡುವ ಬಗೆ ಇಲ್ಲಿದೆ.

ಕೂಟದ ಲೆಕ್ಕ

ಎಂಟರಿಂದ ಹನ್ನೆರಡು ಜನ ಇರಲಿ. ಎಂಟಕ್ಕಿಂತ ಕಡಿಮೆ ಇದ್ದರೆ ಆಟಿ ತಿಂಗಳ ಮಳೆಯಲ್ಲಿ ಮೂರೇ ಜನ ಉಳಿಯುತ್ತಾರೆ. ಹನ್ನೆರಡು ದಾಟಿತೆಂದರೆ ಕೂಟ ಹೋಗಿ ಸಭೆಯಾಗುತ್ತದೆ, ಯಾರೋ ಒಬ್ಬರು ತಾವಾಗಿಯೇ ಅಧ್ಯಕ್ಷರಾಗಿಬಿಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ. ತಿಂಗಳಿಗೊಮ್ಮೆ ಎಂದರೆ ಹಿಂದಿನ ಓದಿನ ಸದ್ದು ಕಿವಿಯಿಂದ ಹೋಗಿರುತ್ತದೆ, ವಾರಕ್ಕೊಮ್ಮೆ ಎಂದರೆ ಕೆಲಸಕ್ಕೆ ಹೋಗುವವರು ಮೂರನೆಯ ವಾರಕ್ಕೇ ಕೈಬಿಡುತ್ತಾರೆ.

ಎರಡು ಗಂಟೆಯನ್ನು ಹೀಗೆ ಒಡೆಯಿರಿ: 30 ನಿಮಿಷ ಗಟ್ಟಿ ಓದು, 10 ನಿಮಿಷ ಮಾತಿಲ್ಲದೆ ಪೆನ್ಸಿಲ್ ಗುರುತು, 45 ನಿಮಿಷ ಚರ್ಚೆ, 25 ನಿಮಿಷ ಬರವಣಿಗೆ, 10 ನಿಮಿಷ ಮುಂದಿನ ಬೈಠಕ್ಕಿನ ಏರ್ಪಾಟು. ಆ 10 ನಿಮಿಷದ ಮೌನವನ್ನು ಎಲ್ಲರೂ ಹಾರಿಸಲು ನೋಡುತ್ತಾರೆ. ಬಿಡಬೇಡಿ. ಅದಿಲ್ಲದಿದ್ದರೆ ಮೊದಲು ಬಾಯಿ ತೆರೆದವರ ಅಭಿಪ್ರಾಯವೇ ಇಡೀ ಕೂಟದ ಅಭಿಪ್ರಾಯವಾಗುತ್ತದೆ.

ಡೆಮಿ ಅಷ್ಟದಳದ, ಅಂದರೆ ಸಾಮಾನ್ಯ ಕಥಾಪುಸ್ತಕದ ಗಾತ್ರದ, ಒಂದು ಕನ್ನಡ ಪುಟದಲ್ಲಿ ಹೆಚ್ಚುಕಡಿಮೆ 200 ಪದ ಇರುತ್ತದೆ. ನಿಧಾನವಾಗಿ ಓದಿದರೆ ಎರಡು, ಎರಡೂಕಾಲು ನಿಮಿಷ. ಅಂದರೆ 12 ಪುಟದ ಕಥೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. 14 ಪುಟ ಮೀರಿದ ಕಥೆಯನ್ನು ಒಂದೇ ಬೈಠಕ್ಕಿಗೆ ಇಟ್ಟುಕೊಳ್ಳಬೇಡಿ. ಓದುವವರನ್ನು ನಡುವೆ ಬದಲಿಸಬೇಕಾದರೆ ಕಥೆಯಲ್ಲೇ ಒಂದು ಸಾಲು ಖಾಲಿ ಬಿಟ್ಟಿರುವ ಕಡೆ ಬದಲಿಸಿ. ಪುಟ ತಿರುಗಿತೆಂದು ಬದಲಿಸಿದರೆ ನಿರೂಪಕಿಯ ದನಿ ಮುರಿಯುತ್ತದೆ.

ಮಂಗಳೂರಿನಲ್ಲಿ ಇರುವ ಸಂಘದ ಹೆಸರೇ 'ಕರಾವಳಿ ಲೇಖಕಿಯರ ವಾಚಕಿಯರ ಸಂಘ'. ಬರೆಯುವವರ ಪಕ್ಕದಲ್ಲೇ ಓದುವವರಿಗೂ ಕುರ್ಚಿ ಹಾಕಿದ ಸಂಘ. ನಿಮ್ಮ ಕೂಟದಲ್ಲೂ ಬರಹಗಾರರಲ್ಲದವರು ಅರ್ಧದಷ್ಟಾದರೂ ಇರುವಂತೆ ನೋಡಿಕೊಳ್ಳಿ. ಬರೆಯುವವರು ತಂತ್ರ ಕಾಣುತ್ತಾರೆ. ಅಡುಗೆಮನೆಯ ಪಾತ್ರೆ ಯಾವ ಹೊತ್ತಿಗೆ ಒಲೆಯ ಮೇಲಿರಬೇಕು, ಯಾವ ಹೊತ್ತಿಗೆ ಇರಬಾರದು ಎಂಬುದು ಓದುವವರಿಗೆ ಗೊತ್ತು.

ಪುಸ್ತಕ ಹುಡುಕುವಾಗ

ಲೇಖಕಿಯರ ಪುಸ್ತಕ ಗ್ರಂಥಾಲಯದಲ್ಲಿ ಸಿಗದಿರಲು ಮುಖ್ಯ ಕಾರಣ ಹೆಸರು. ಒಬ್ಬರಿಗೇ ಮೂರು ಹೆಸರಿರುತ್ತದೆ: ತವರಿನದು, ಗಂಡನ ಹೆಸರು ಸೇರಿದ್ದು, ಕಾವ್ಯನಾಮ. ವೈದೇಹಿಯವರ ಪುಸ್ತಕ ಹಳೆಯ ಕಾರ್ಡುಗಳಲ್ಲಿ 'ಜಾನಕಿ ಶ್ರೀನಿವಾಸಮೂರ್ತಿ' ಎಂದು ಸಿಗಬಹುದು. ನಿಜ ಘಟನೆಯಿರುವ ಬರಹವಾದ್ದರಿಂದ ಅಚ್ಚು ಹಾಕಬೇಡಿ ಎಂದು ಅವರು 'ಸುಧಾ' ವಾರಪತ್ರಿಕೆಗೆ ಬರೆದಾಗ ಸಂಪಾದಕರು 'ವೈದೇಹಿ' ಎಂಬ ಹೆಸರು ಹಾಕಿ ಅಚ್ಚು ಹಾಕಿದರು, ಆ ಹೆಸರೇ ನಿಂತಿತು. ತ್ರಿವೇಣಿಯವರನ್ನು 'ಅನಸೂಯಾ ಶಂಕರ' ಎಂದೂ, ಉಡುಪಿಯ ಸರಸ್ವತಿಬಾಯಿ ರಾಜವಾಡೆಯವರನ್ನು 'ಗಿರಿಬಾಲೆ' ಎಂದೂ ಹುಡುಕಿ. ಕೊಡಗಿನ ಗೌರಮ್ಮನವರು ಬರೆದದ್ದು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ, ಅಂದರೆ ಗಂಡನ ಹೆಸರಿನಲ್ಲಿ. ಸಾರಾ ಅಬೂಬಕ್ಕರ್ ಅವರನ್ನು 'ಸ'ದಲ್ಲೂ 'ಅ'ದಲ್ಲೂ ನೋಡಬೇಕು. ಹೆಸರುಗಳ ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಕೌಂಟರಿನಲ್ಲಿ "ಇಲ್ಲ" ಎಂದು ಕೇಳಿದ ಮೇಲೂ ಕಪಾಟಿನಲ್ಲಿ ಪುಸ್ತಕ ಸಿಗುವುದುಂಟು.

ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನಾ ಕೇಂದ್ರ, ಮಂಗಳೂರಿನ ಕಡೆಯವರಿಗೆ ಕೊಣಾಜೆಯ ವಿಶ್ವವಿದ್ಯಾನಿಲಯದ ಗ್ರಂಥಾಲಯ, ಎರಡೂ ಊರುಗಳ ಸಾರ್ವಜನಿಕ ಗ್ರಂಥಾಲಯ, ಹುಡುಕಬೇಕಾದ ಜಾಗ ಇವು. ಹೋಗುವ ಮೊದಲು ಬೇಕಾದ ಪುಸ್ತಕದ ಹೆಸರು, ಏತಕ್ಕೆ ಬೇಕು ಎರಡನ್ನೂ ಒಂದು ಕಾಗದದಲ್ಲಿ ಬರೆದು ಕೊಡಿ, ಕೆಲಸ ಬೇಗ ಆಗುತ್ತದೆ. ವೈದೇಹಿಯವರ ಪುಸ್ತಕಗಳು ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಬಂದಿವೆ. ಸಾರಾ ಅವರು ಮಂಗಳೂರಿನಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನ ನಡೆಸಿದವರು.

ಪ್ರತಿ ತೆಗೆಸುವುದಾದರೆ ಎರಡು ಪುಟಗಳನ್ನು ಒಟ್ಟಿಗೆ ಎ4 ಹಾಳೆಯಲ್ಲಿ ತೆಗೆಸಬೇಡಿ, ಗುರುತು ಹಾಕಲು ಜಾಗ ಉಳಿಯುವುದಿಲ್ಲ. ಡೆಮಿ ಪುಟ ಸುಮಾರು 14 ಸೆಂ.ಮೀ. ಅಗಲ, ಎ4 ಹಾಳೆ 21. ಪುಟವನ್ನು ಹಿಗ್ಗಿಸದೆ ಎಡಕ್ಕೆ ಒತ್ತಿ ಪ್ರತಿ ತೆಗೆಸಿದರೆ ಬಲಕ್ಕೆ 7 ಸೆಂ.ಮೀ. ಖಾಲಿ ಸಿಗುತ್ತದೆ. ಈ ಕೆಲಸಕ್ಕೆ ಅಷ್ಟು ಬೇಕೇ ಬೇಕು. ಪುಸ್ತಕದ ಮೇಲೆ ಮಾತ್ರ ಗೀಚಬೇಡಿ, ಪೆನ್ಸಿಲಿನಲ್ಲೂ.

ಏನನ್ನು ಗುರುತು ಹಾಕಬೇಕು

ಕೂಟದ ಮುಖ್ಯ ಕೆಲಸ ಇದು. ಅಂಚಿನಲ್ಲಿ ಹಾಕಲು ಐದು ಅಕ್ಷರ ಸಾಕು: ಮಾ, ಅಂ, ಹೆ, ವ, ನಿ.

'ಮಾ' ಎಂದರೆ ಮಾತು. ಪಾತ್ರದ ಮಾತು ಉದ್ಧರಣ ಚಿಹ್ನೆಯೊಳಗೆ ಇದೆಯೇ, ನಿರೂಪಣೆಯೊಳಗೇ ಕರಗಿದೆಯೇ? "ಅವಳು ಬರುವುದಿಲ್ಲ ಎಂದಳು" ಎಂಬುದು ಒಂದು ಬಗೆ. "ಬರುವುದಂತೆ ಬರುವುದು, ಯಾರಿಗಾಗಿ?" ಎಂದು ಚಿಹ್ನೆಯಿಲ್ಲದೆ, 'ಎಂದಳು' ಇಲ್ಲದೆ ಬಂದರೆ ಅದು ಇನ್ನೊಂದೇ ಬಗೆ. ಎರಡನೆಯದರಲ್ಲಿ ಮಾತಾಡಿದ್ದು ಯಾರು ಎಂದು ಓದುವವರು ಒಂದು ಕ್ಷಣ ತಡವರಿಸುತ್ತಾರೆ. ಮನೆ ತುಂಬ ಹೆಂಗಸರಿದ್ದು ಯಾರ ಮಾತು ಯಾರದೆಂದು ಗೊತ್ತಾಗದ ಮಧ್ಯಾಹ್ನದ ಸದ್ದು ಆ ತಡವರಿಕೆಯಲ್ಲಿದೆ. ವೈದೇಹಿಯವರ ಕಥೆಗಳಲ್ಲಿ ಇದನ್ನು ಬೆನ್ನುಹತ್ತಿ ಗುರುತು ಹಾಕಿ.

'ಅಂ' ಎಂದರೆ ಅಂತೆ. 'ಹೋದಳಂತೆ', 'ಸಿಕ್ಕಿದನಂತೆ', 'ಹೇಳಿದರಂತೆ'. ಕನ್ನಡದಲ್ಲಿ ಒಂದೇ ಪ್ರತ್ಯಯ ಹೇಳುವವಳನ್ನು ಸಾಕ್ಷಿಯ ಕಟಕಟೆಯಿಂದ ಇಳಿಸಿಬಿಡುತ್ತದೆ: ನಾನು ಕಂಡದ್ದಲ್ಲ, ಕೇಳಿದ್ದು. ಹೊರಗೆ ಹೋಗಿ ನೋಡುವ ಅವಕಾಶ ಇಲ್ಲದವರ ಲೋಕಜ್ಞಾನವೆಲ್ಲ ಈ 'ಅಂತೆ'ಯಲ್ಲೇ ಬಂದದ್ದು. ಪುಟವೊಂದರಲ್ಲಿ ಎಷ್ಟು 'ಅಂತೆ' ಇವೆ, ಎಲ್ಲಿ ಅವು ತಟ್ಟನೆ ನಿಂತು 'ಕಂಡೆ', 'ನೋಡಿದೆ' ಬರುತ್ತದೆ, ಆ ತಿರುವನ್ನು ಎರಡು ಗೆರೆ ಎಳೆದು ಗುರುತಿಸಿ. ಕಥೆಯ ಗಂಟು ಎಷ್ಟೋ ಸಲ ಅಲ್ಲೇ ಇರುತ್ತದೆ.

'ಹೆ' ಹೆಸರಿಗೆ. ಯಾರಿಗೆ ಹೆಸರಿದೆ, ಯಾರಿಗೆ ನೆಂಟಸ್ತಿಕೆ ಮಾತ್ರ ಇದೆ? ಅತ್ತೆ, ದೊಡ್ಡಮ್ಮ, ಸಣ್ಣಜ್ಜಿ, 'ಅವರು'. ಗಂಡನನ್ನು ಹೆಸರು ಹಿಡಿದು ಕರೆಯದ ಮನೆಗಳ ಕಥೆಯಲ್ಲಿ 'ಅವರು' ಎಂಬ ಸರ್ವನಾಮ ಎಷ್ಟು ಜನರ ಮೇಲೆ ಸುತ್ತುತ್ತದೆ ಎಂದು ಎಣಿಸಿ ನೋಡಿ. ಮಗಳು, ಸೊಸೆ, ತಂಗಿ ಎಂದು ಕರೆಸಿಕೊಳ್ಳುತ್ತಿದ್ದವಳಿಗೆ ಕಥೆಯ ನಡುವೆ ಹೆಸರು ಬಂತೆಂದರೆ ನಿಲ್ಲಿ, ಹಿಂದಿನ ಪ್ಯಾರಾ ಮತ್ತೊಮ್ಮೆ ಓದಿ.

'ವ' ವಸ್ತುವಿಗೆ, ಅಂದರೆ ಸಾಮಾನಿಗೆ. ಕಥೆಯಲ್ಲಿ ಬರುವ ಪಾತ್ರೆ, ಹಗ್ಗ, ಬೀಗದ ಕೈ, ಒರಳು. ಒಮ್ಮೆ ಬಂದು ಹೋದರೆ ಅದು ಅಲಂಕಾರ. ಮೂರು ಸಲ ಬಂದರೆ ಅದಕ್ಕೆ ಕೆಲಸ ಇದೆ.

'ನಿ' ನಿಂತ ಜಾಗಕ್ಕೆ. ಈ ವಾಕ್ಯವನ್ನು ಎಲ್ಲಿ ನಿಂತು ಕಂಡು ಬರೆದದ್ದು? ಜಗಲಿಯಿಂದಲೋ, ನಡುಕೋಣೆಯ ಬಾಗಿಲ ಸಂದಿಯಿಂದಲೋ, ಬಾವಿಕಟ್ಟೆಯಿಂದಲೋ? ಪುಟದ ಕೆಳಗೆ ಮನೆಯ ಒಂದು ನಕಾಶೆ ಗೀಚಿ ನಿರೂಪಕಿ ನಿಂತಲ್ಲಿ ಚುಕ್ಕೆ ಹಾಕಿ. ಮಕ್ಕಳಾಟದಂತೆ ಕಾಣುತ್ತದೆ, ಆದರೆ ಎಲ್ಲ ಚುಕ್ಕೆಗಳೂ ಮನೆಯ ಹಿಂಬದಿಗೆ ಬಂದು ಸೇರಿದಾಗ ಪ್ರಬಂಧದ ಭಾಷೆಯ 'ಸ್ತ್ರೀ ದೃಷ್ಟಿಕೋನ' ಎಂಬ ಮಾತಿಗೆ ಮೊದಲ ಬಾರಿ ಅಳತೆ ಸಿಗುತ್ತದೆ.

ಒಂದೇ ಸಂಗತಿ, ಎರಡು ಬರಹ

ಗುರುತು ಹಾಕುವುದನ್ನು ಕಲಿಸಲು ಮೊದಲ ದಿನ ಯಾವ ಲೇಖಕಿಯದೂ ಅಲ್ಲದ, ಇದಕ್ಕೆಂದೇ ಕಟ್ಟಿದ ಈ ಎರಡು ತುಣುಕು ಸಾಕು. ಒಂದು:

*ಸಾವಿತ್ರಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವಳಿಗೆ ತುಂಬಾ ದುಃಖವಾಗಿತ್ತು. ಅತ್ತೆ ಅವಳನ್ನು ಗಮನಿಸಲೇ ಇಲ್ಲ. ಈ ಮನೆಯಲ್ಲಿ ತನಗೆ ಬೆಲೆಯಿಲ್ಲ ಎಂದು ಅವಳಿಗೆ ಅನಿಸಿತು.*

ಇನ್ನೊಂದು:

*ಗಂಜಿಯ ಮೇಲೆ ಪೊರೆ ಕಟ್ಟಿತ್ತು. ಸಾವಿತ್ರಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಸುತ್ತಿದ ಬಟ್ಟೆ ಬಿಚ್ಚಿದಳು, ಮತ್ತೆ ಕಟ್ಟಿದಳು. ಆಯ್ತಾ, ಒಳಗಿಂದ ಅತ್ತೆಯ ದನಿ. ಊಟ ಆಯ್ತಾ ಅಂತಲ್ಲ, ಪಾತ್ರೆ ತೊಳೆದದ್ದು ಆಯ್ತಾ ಅಂತ. ಆಯ್ತು ಅತ್ತೆ.*

ಎರಡನೆಯದರಲ್ಲಿ 'ದುಃಖ' ಇಲ್ಲ, 'ಬೆಲೆ' ಇಲ್ಲ. 'ಮಾ' ಎರಡು ಕಡೆ ಬಿದ್ದಿದೆ, ಚಿಹ್ನೆ ಒಂದೂ ಇಲ್ಲ. ಭರಣಿಗೆ 'ವ'. ಅತ್ತೆಗೆ ಹೆಸರಿಲ್ಲ, ಮುಖವೂ ಇಲ್ಲ, ದನಿ ಮಾತ್ರ. 'ಅಂತಲ್ಲ' ಎಂದು ಬಿಡಿಸಿ ಹೇಳುವುದು ಯಾರು, ಸಾವಿತ್ರಿಯೋ ನಿರೂಪಕಿಯೋ? ಇದರ ಮೇಲೆ ಕೂಟದಲ್ಲಿ ಜಗಳ ಹತ್ತಬೇಕು, ಹತ್ತದಿದ್ದರೆ ಮತ್ತೊಮ್ಮೆ ಗಟ್ಟಿಯಾಗಿ ಓದಿಸಿ. 'ಆಯ್ತಾ' ಎಂಬ ಮಾತು ಪುಟದಲ್ಲಿ ಒಂದೇ ಥರ ಕಾಣುತ್ತದೆ, ಬಾಯಲ್ಲಿ ನಾಲ್ಕು ಥರ ಬರುತ್ತದೆ.

ಆರು ಬೈಠಕ್

ಕಾಲಾನುಕ್ರಮ ಬೇಡ. ಅಕ್ಕಮಹಾದೇವಿಯಿಂದ ಶುರುಮಾಡೋಣ ಎಂದು ಒಬ್ಬರಾದರೂ ಹೇಳುತ್ತಾರೆ. ಒಳ್ಳೆಯ ಆಸೆಯೇ, ಆದರೆ ವಚನದ ಲಯಕ್ಕೆ ಬೇರೆ ಕಿವಿ ಬೇಕು, ಗದ್ಯಶೈಲಿಯ ಕೆಲಸಕ್ಕೆ ಅದು ದಾರಿ ತಪ್ಪಿಸುತ್ತದೆ. ಹತ್ತಿರದಿಂದ ಶುರುಮಾಡಿ ಹಿಂದಕ್ಕೆ ಹೋಗಿ.

ಮೊದಲನೆಯದು ವೈದೇಹಿಯವರ 'ಅಕ್ಕು'. ಮನೆಯವರು ತಲೆ ಸರಿಯಿಲ್ಲದವಳೆಂದು ಬದಿಗೆ ಸರಿಸಿದವಳ ಬಾಯಿಂದಲೇ ಮನೆಯ ಸತ್ಯ ಹೊರಬೀಳುವ ಕಥೆ. ಕುಂದಾಪುರ ಕಡೆಯವರು ಕೂಟದಲ್ಲಿದ್ದರೆ ಓದು ಅವರದೇ. ಇಲ್ಲಿ ಒಂದು ಎಚ್ಚರಿಕೆ. ಕುಂದಾಪ್ರ ಕನ್ನಡ ಈಗ ರೀಲ್ಸುಗಳಲ್ಲೂ ನಗೆನಾಟಕಗಳಲ್ಲೂ ನಗಿಸುವ ಭಾಷೆಯಾಗಿ ಓಡಾಡುತ್ತಿದೆ. 'ಎಂತಕೆ', 'ಅಲ್ದಾ' ಕಿವಿಗೆ ಬಿದ್ದ ಕೂಡಲೇ ಜನ ನಗಲು ತಯಾರಾಗುತ್ತಾರೆ, ಓದುವವರೂ ಸ್ವಲ್ಪ ಎಳೆದು ರಾಗ ಹಾಕುತ್ತಾರೆ. 'ಅಕ್ಕು' ಹಾಗೆ ಓದಿದರೆ ಸತ್ತೇ ಹೋಗುತ್ತದೆ. ಮನೆಯಲ್ಲಿ ತಾಯಿಯ ಹತ್ತಿರ ಮಾತಾಡುವ ವೇಗದಲ್ಲೇ ಓದಬೇಕು, ನಗು ಬಂದರೆ ಕಥೆಯಿಂದ ಬರಲಿ. ಆ ಕಡೆಯವರಲ್ಲದವರಿಗೆ ಪದ ತೊಡಕಾದರೆ ಪಂಜು ಗಂಗೊಳ್ಳಿಯವರ ಕುಂದಾಪ್ರ ಕನ್ನಡ ನಿಘಂಟು ಪಕ್ಕದಲ್ಲಿರಲಿ, ಆದರೆ ಓದಿನ ನಡುವೆ ತೆರೆಯುವುದು ಬೇಡ.

ಎರಡನೆಯದಕ್ಕೆ ಅವರದೇ 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು'. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಸೂಲಗಿತ್ತಿ ಲಿಲ್ಲಿಬಾಯಿ ಹೆಂಗಸರ ಕಡೆಯ ಗೇಟ್ ಕೀಪರ್ ಆಗುತ್ತಾಳೆ. ಗಿರೀಶ ಕಾಸರವಳ್ಳಿಯವರ 2008ರ ಸಿನಿಮಾದಲ್ಲಿ ಟಾಕೀಸಿನ ಜಾಗಕ್ಕೆ ಟಿ.ವಿ. ಬಂದಿದೆ, ಲಿಲ್ಲಿಬಾಯಿಯ ಜಾಗಕ್ಕೆ ಮೀನುಗಾರರ ಕೇರಿಯ ಗುಲಾಬಿ ಬಂದಿದ್ದಾಳೆ. ಸಿನಿಮಾವನ್ನು ಕಥೆ ಓದಿದ ಮೇಲೆಯೇ ನೋಡಿ. ಮೊದಲೇ ನೋಡಿದವರಿಗೆ ಕಥೆಯ ತುಂಬ ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರ ಮುಖ ಕಾಣುತ್ತದೆ, ವಾಕ್ಯ ಕಾಣುವುದಿಲ್ಲ. ಹೋಲಿಸಬೇಕಾದ್ದು ಒಂದನ್ನೇ: ಕಥೆಯಲ್ಲಿ ಹೆಂಗಸರೆಲ್ಲ ಸೇರಿ ಮಾತಾಡುವ ದನಿಗೆ ಸಿನಿಮಾದಲ್ಲಿ ಏನು ಗತಿಯಾಯಿತು?

ಮೂರನೆಯ ಬೈಠಕ್ಕಿಗೆ ಹಿಂದಕ್ಕೆ ಹೋಗಿ. ಕೊಡಗಿನ ಗೌರಮ್ಮ ತೀರಿಕೊಂಡದ್ದು 1939ರಲ್ಲಿ, 27ರ ವಯಸ್ಸಿಗೆ. 'ಕಂಬನಿ', 'ಚಿಗುರು' ಸಂಕಲನಗಳಿಂದ ಎರಡು ಸಣ್ಣ ಕಥೆ ಆರಿಸಿ, ಒಂದರಲ್ಲಾದರೂ ಪಾತ್ರ ಬರೆದ ಕಾಗದ ಇರಲಿ. ಆ ಕಾಲದ ಕಥೆಯಲ್ಲಿ ಹೆಣ್ಣು 'ನಾನು' ಎಂದು ಎದುರಿಗೆ ನಿಂತು ಹೇಳಲಾಗದ್ದನ್ನು ಕಾಗದದಲ್ಲಿ ಹೇಳಬಹುದಿತ್ತು. ಜೊತೆಗೆ ತ್ರಿವೇಣಿಯವರ 'ಶರಪಂಜರ'ದ ಆರೇಳು ಪುಟ. ಕಥಾನಾಯಕಿ ಕಾವೇರಿಯ ಮನಸ್ಸು ಓಡುವ ಕಡೆ ಆರಿಸಿ. ಕಾಗದದಿಂದ ಮನಸ್ಸಿನ ಒಳಮಾತಿಗೆ 'ನಾನು' ಹೇಗೆ ದಾಟಿತು ಎಂಬುದು ಒಂದೇ ಸಂಜೆಯಲ್ಲಿ ಕಿವಿಗೆ ಬೀಳುತ್ತದೆ. ಅಂದಹಾಗೆ, ತ್ರಿವೇಣಿಯವರನ್ನು 'ಜನಪ್ರಿಯ ಕಾದಂಬರಿಕಾರ್ತಿ' ಎಂದು ಪಕ್ಕಕ್ಕಿಡುವ ವಿಮರ್ಶಕರ ಹಳೆಯ ಚಾಳಿ ಕೂಟದಲ್ಲೂ ಇಣುಕುತ್ತದೆ. ಲಕ್ಷ್ಯ ಕೊಡಬೇಡಿ.

ನಾಲ್ಕನೆಯದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಕಾದಂಬರಿಯನ್ನು ಎಲ್ಲರೂ ಮನೆಯಲ್ಲಿ ಪೂರ್ತಿ ಓದಿ ಬರಬೇಕು, ಬೈಠಕ್ಕಿನಲ್ಲಿ ಮೊದಲ ಮತ್ತು ಕೊನೆಯ ಅಧ್ಯಾಯ ಗಟ್ಟಿಯಾಗಿ. ವೈದೇಹಿಯವರಿಗೆ ಒಗ್ಗಿದ ಕಿವಿಗೆ ಇಲ್ಲಿ ಮೊದಲು ನಿರಾಸೆಯಾಗುತ್ತದೆ: ಉಪಭಾಷೆಯ ಬಣ್ಣ ಇಲ್ಲ, ನೇರ, ಪಠ್ಯಪುಸ್ತಕದ ಕನ್ನಡ. ಇದನ್ನೇ ಕೊರತೆ ಎಂದು ತೀರ್ಮಾನಿಸಿಬಿಡುವುದು ಇಂಥ ಕೂಟಗಳು ಮಾಡುವ ದೊಡ್ಡ ತಪ್ಪು. ಲೇಖಕಿ ಕಾಸರಗೋಡಿನವರು, ಮನೆಮಾತು ಮಲಯಾಳ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾದಂಬರಿಯಲ್ಲಿ ತಲಾಖಿಗೆ ಸಿಕ್ಕಿದ ನಾದಿರಾ, ಅವಳ ತಾಯಿ ಫಾತಿಮ್ಮ, ತಂದೆ ಮಹಮ್ಮದ್ ಖಾನ್ ತಮ್ಮೊಳಗೆ ಆಡಿದ್ದು ಕನ್ನಡವೇ ಅಲ್ಲ. ಪ್ರತಿ ಮಾತೂ ದಾಟಿ ಬಂದ ಮಾತು. ಅದಕ್ಕೆ ಕುಂದಾಪುರದ್ದೋ ಮಂಗಳೂರಿನದ್ದೋ ಬಣ್ಣ ಹಚ್ಚಿದ್ದರೆ ಸುಳ್ಳಾಗುತ್ತಿತ್ತು. ಮೇಲಾಗಿ ಇದು ಮೊದಲು ಬಂದದ್ದು 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ. ಬೀದರಿನ ಓದುಗನಿಗೂ ಕೊಳ್ಳೇಗಾಲದ ಓದುಗಳಿಗೂ ತಲಾಖ್ ಹೇಗೆ ನಡೆಯುತ್ತದೆ, ಮರುಮದುವೆಗೆ ಯಾವ ಷರತ್ತು ಎಂಬುದು ಎಡವದೆ ತಿಳಿಯಬೇಕಿತ್ತು. ಆದ್ದರಿಂದ ಇಲ್ಲಿ 'ಮಾ', 'ಅಂ' ಕಡಿಮೆ ಬಿದ್ದರೆ ಗಾಬರಿ ಬೇಡ, ಆ ಬಡತನವೇ ದಾಖಲೆ. ಬದಲಿಗೆ ಪ್ರತಿ ಅಧ್ಯಾಯದ ಕೊನೆಯ ಎರಡು ವಾಕ್ಯಗಳನ್ನು ಬರೆದುಕೊಳ್ಳಿ. ವಾರ ವಾರ ಕಾಯುವ ಓದುಗರನ್ನು ಹಿಡಿದಿಟ್ಟ ಕುಣಿಕೆ ಅಲ್ಲಿದೆ.

ಐದನೆಯದು ಸರಸ್ವತಿಬಾಯಿ ರಾಜವಾಡೆ (1913–1994). 'ಗಿರಿಬಾಲೆ'ಯಾಗಿ ಕಥೆ ಬರೆದು, 'ಸುಪ್ರಭಾತ' ಪತ್ರಿಕೆ ನಡೆಸಿ, ಆಮೇಲೆ ಬರವಣಿಗೆಯಿಂದ ದೂರವಾಗಿ ಉಡುಪಿಯ ಚಿಟ್ಪಾಡಿಯಲ್ಲಿ ಶಾರದೆಯ ಗುಡಿ ಕಟ್ಟಿಸಿದವರು. ಅವರ ಬಾಳು, ಬರಹ ಇಂದಿನವರಿಗೆ ಸಿಗುವಂತಾದದ್ದು ವೈದೇಹಿಯವರ 'ಮುಂತಾದ ಕೆಲ ಪುಟಗಳು' ಪುಸ್ತಕದಿಂದ. ಇಲ್ಲಿ ಗುರುತು ಹಾಕುವ ಕೆಲಸ ಬೇರೆ: ಯಾವ ಸಾಲು ರಾಜವಾಡೆಯವರದು, ಯಾವುದು ಕೇಳಿ ಬರೆದವರದು, ಹೊಲಿಗೆ ಎಲ್ಲಿ ಕಾಣುತ್ತದೆ? ಬಿ.ವಿ. ಕಾರಂತರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ಯನ್ನೂ ಹೀಗೇ ಕೇಳಿ ಬರೆದವರು ವೈದೇಹಿ. ಎರಡರಿಂದಲೂ ಮೂರು ಮೂರು ಪುಟ ತೆಗೆದು ಪಕ್ಕಪಕ್ಕ ಇಡಿ. ಹೆಣ್ಣಿನ ನೆನಪನ್ನು ಬರೆದುಕೊಳ್ಳುವಾಗ ಒಂದು ಲಯ, ಗಂಡಿನದಕ್ಕೆ ಇನ್ನೊಂದು ಲಯ ಬಂದಿದೆಯೇ ಎಂದು ಕೇಳಿಸಿಕೊಳ್ಳಿ. ಕೂಟ ಉಡುಪಿಯದಾದರೆ ಅಂದು ಚಿಟ್ಪಾಡಿಗೆ ಹೋಗಿಬರಬಹುದು, ಚರ್ಚೆಯ ಸಮಯ ಅದರಲ್ಲಿ ಮುಗಿಯದಿದ್ದರಾಯಿತು.

ಆರನೆಯದು ಪರೀಕ್ಷೆ. ಈಚಿನ ಹತ್ತು ವರ್ಷದಲ್ಲಿ ಬರೆಯಲು ತೊಡಗಿದ ಕರಾವಳಿಯ ಒಬ್ಬ ಲೇಖಕಿಯ, ಒಬ್ಬ ಲೇಖಕನ ತಲಾ ಮೂರು ಪುಟ. ಹೆಸರು ಮುಚ್ಚಿ ಪ್ರತಿ ತೆಗೆಸಿ, ಅದೇ ಐದು ಗುರುತು ಹಾಕಿಸಿ. ಯಾರು ಬರೆದದ್ದೆಂದು ಊಹಿಸುವ ಆಟವಾಗಿ ಅದು ಜಾರದಂತೆ ನೋಡಿಕೊಳ್ಳಿ. ಇವರ ವಾಕ್ಯದಲ್ಲಿ ಹಿಂದಿನ ಐದು ಬೈಠಕ್ಕಿನ ಯಾವ ಸದ್ದು ಇದೆ ಎಂಬುದಷ್ಟೇ ಪ್ರಶ್ನೆ.

'ಪ್ರಭಾವ' ಎನ್ನುವ ಮೊದಲು

ಆರನೆಯ ಬೈಠಕ್ಕಿನಲ್ಲಿ ಎಲ್ಲರಿಗೂ ಎಲ್ಲೆಲ್ಲೂ ವೈದೇಹಿ ಕಾಣತೊಡಗುತ್ತಾರೆ. ಅದಕ್ಕೆ ಕಡಿವಾಣ ಬೇಕು. ಮೂರು ಪ್ರಶ್ನೆ ಕೇಳಿ. ಆಮೇಲೆ ಬಂದವರಿಗೆ ಮೊದಲಿನವರ ಬರಹ ಸಿಕ್ಕಿರುವ ಸಾಧ್ಯತೆ ಇದೆಯೇ, ಯಾವ ಪತ್ರಿಕೆಯಲ್ಲಿ, ಯಾವಾಗ? ಎರಡರಲ್ಲೂ ಕಾಣುವ ಲಕ್ಷಣ ಬೆರಳಿಟ್ಟು ತೋರಿಸುವಷ್ಟು ನಿರ್ದಿಷ್ಟವಾಗಿದೆಯೇ, ಇಲ್ಲ 'ಆಪ್ತ ಶೈಲಿ'ಯಂಥ ಗಾಳಿಮಾತೇ? ಆ ಲಕ್ಷಣ ಇನ್ನೆಲ್ಲಿಂದಲೋ ಬಂದಿರಬಹುದೇ?

ಮೂರನೆಯದರಲ್ಲೇ ಹೆಚ್ಚಿನ ಊಹೆಗಳು ಬೀಳುತ್ತವೆ. 'ಅಂತೆ' ಹಾಕಿ ಕಥೆ ಹೇಳುವುದು ಕರಾವಳಿಯ ಅಜ್ಜಿಯರೆಲ್ಲರ ಪದ್ಧತಿ. ಅದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಸಾರಾ ಅವರಿಂದ ಬಾನು ಮುಷ್ತಾಕ್ ಅವರಿಗೆ ಒಂದು ನೇರ ಗೆರೆ ಎಳೆಯುವವರಿದ್ದಾರೆ, 2025ರಲ್ಲಿ ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲಂತೂ ಹೆಚ್ಚಾಗಿದ್ದಾರೆ. ಸಾರಾ ಅವರ ಕಾದಂಬರಿ 'ಲಂಕೇಶ್ ಪತ್ರಿಕೆ'ಯಲ್ಲಿ ಬರುತ್ತಿದ್ದ ದಶಕದಲ್ಲೇ ಹಾಸನದ ಬಾನು ಅವರು ಅದೇ ಪತ್ರಿಕೆಗೆ ವರದಿ ಬರೆಯುತ್ತಿದ್ದರು. ಇಬ್ಬರಲ್ಲೂ ಒಂದೇ ಬಗೆಯ ಚುರುಕು ಕಂಡರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದೋ, ಇಬ್ಬರಿಗೂ ಆ ಪತ್ರಿಕೆಯ ಗದ್ಯ ಕೊಟ್ಟದ್ದೋ? ವಾಕ್ಯ ಇಟ್ಟುಕೊಂಡು ವಾದ ಮಾಡಿ.

ತಾಳೆ ನೋಡಲು ಒಂದು ಗಂಡಸಿನ ಪುಸ್ತಕವೂ ಕೈಗೆಟುಕುವಂತಿರಲಿ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941) ಇದಕ್ಕೆ ಹೇಳಿ ಮಾಡಿಸಿದ್ದು. ಅದೇ ಕರಾವಳಿ, ಅದೇ ಬಗೆಯ ಮನೆ, ಪಾರ್ವತಿ, ಸರಸ್ವತಿ, ನಾಗವೇಣಿಯರಂಥ ಗಟ್ಟಿ ಹೆಂಗಸರು. ಅಡುಗೆಮನೆ ಬರುವ ಮೂರು ಪುಟಗಳಿಗೆ ಐದೂ ಗುರುತು ಹಾಕಿ. ಲೇಖಕಿಯರದೇ ಎಂದು ನೀವು ಹೇಳುತ್ತಿದ್ದ ಲಕ್ಷಣ ಅಲ್ಲೂ ಅಷ್ಟೇ ಕಂಡರೆ ನಿಮ್ಮ ವಾದ ಬಿತ್ತು.

ಇನ್ನೊಂದು ಕಾಯಿಲೆ, ಕಥೆಯನ್ನು ಲೇಖಕಿಯ ಬದುಕೆಂದು ಓದುವುದು. "ಇದು ಅವರ ಅತ್ತೆಯೇ ಅಂತೆ." ಗಂಡಸರ ಕಾದಂಬರಿಗೆ ಯಾರೂ ಈ ಪ್ರಶ್ನೆ ಹಾಕುವುದಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ನಿಜವಾಗಿ ಬದುಕಿದ್ದ ಹೆಂಗಸಿನ ಕಥೆ ಹೌದು. ಆದರೆ ಬಾಲವಿಧವೆಯೊಬ್ಬಳ ದೀರ್ಘ ಬದುಕನ್ನು ಅಳು ಸುರಿಯದೆ ನಡೆಸಿಕೊಂಡು ಹೋದದ್ದು ಬರವಣಿಗೆಯ ಕೆಲಸ. ನಿಜ ಎಂಬ ಕಾರಣಕ್ಕೆ ಅದು ತಾನಾಗಿ ಬಂದದ್ದಲ್ಲ.

ಬರೆಯುವ ಅಭ್ಯಾಸ

ಕೊನೆಯ 25 ನಿಮಿಷದಲ್ಲಿ 120ರಿಂದ 150 ಪದ. ನಿಯಮ ನಾಲ್ಕೇ: ದುಃಖ, ನೋವು, ಸಂಕಟ, ಖುಷಿಯಂಥ ಭಾವದ ಹೆಸರು ಒಂದೂ ಇರಕೂಡದು. ಒಂದು ಸಾಮಾನು ಮೂರು ಸಲ ಬರಬೇಕು, ಮೂರನೆಯ ಸಲ ಅದರ ಸ್ಥಿತಿ ಬದಲಾಗಿರಬೇಕು. ಚಿಹ್ನೆಯಿಲ್ಲದ ಮಾತು ಒಂದಾದರೂ ಇರಲಿ. ನಿರೂಪಣೆಯಲ್ಲಿ ಊರ ಪದ ಎರಡಕ್ಕಿಂತ ಹೆಚ್ಚು ಬೇಡ.

ಕೊನೆಯ ನಿಯಮಕ್ಕೆ ಎಲ್ಲರೂ ಮುನಿಸಿಕೊಳ್ಳುತ್ತಾರೆ. ವೈದೇಹಿಯವರನ್ನು ಓದಿ ಬಂದವರು ಮೊದಲು ಕದಿಯುವುದು ಪದಗಳನ್ನೇ. ಸಾಲಿಗೊಂದು 'ಎಂತ ಮಾರಾಯ್ತಿ', 'ಉಂಟು', 'ಬತ್ತೆ', 'ಹೋತೆ' ಸುರಿದು ಮನೆಮಾತಾಯಿತೆಂದು ತಿಳಿಯುತ್ತಾರೆ. ಆದರೆ ಮನೆಮಾತಿನ ಜೀವ ಇರುವುದು ಪದಗಳ ಜೋಡಣೆಯಲ್ಲಿ: ಕ್ರಿಯಾಪದವನ್ನು ನುಂಗುವುದರಲ್ಲಿ, ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರಿಸುವುದರಲ್ಲಿ, ಹೇಳಬೇಕಾದ್ದರ ಪಕ್ಕದ್ದನ್ನು ಹೇಳುವುದರಲ್ಲಿ. "ಅವರು ಬಂದರಾ?" ಎಂದರೆ "ಚಪ್ಪಲಿ ಕಾಣುವುದಿಲ್ಲವಲ್ಲ" ಎನ್ನುವುದು. ಇದಕ್ಕೆ ಒಂದು ಊರ ಪದವೂ ಬೇಕಾಗಲಿಲ್ಲ ನೋಡಿ. ಮಂಗಳೂರಿನವರು ಕುಂದಾಪುರದ ಕನ್ನಡದಲ್ಲಿ ಬರೆಯಲು ಹೋಗುವುದೂ ಬೇಡ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರು ಸಾರಾ ಅವರ ದಾರಿ ಹಿಡಿದು ನೇರ ಕನ್ನಡದಲ್ಲಿ ಬರೆದು, ಮಾತಿನ ತಿರುವಿನಲ್ಲಿ ಮಾತ್ರ ಮನೆಯನ್ನು ಇಣುಕಿಸಲಿ.

ಬರೆದದ್ದನ್ನು ಓದುವಾಗ "ಚೆನ್ನಾಗಿದೆ" ಎಂಬ ಮಾತಿಗೆ ನಿಷೇಧ. ಕೇಳಿದವರು ತಮಗೆ ನೆನಪುಳಿದ ಒಂದು ವಾಕ್ಯವನ್ನು ಮರಳಿ ಹೇಳಬೇಕು, ಅಷ್ಟೇ. ಯಾರಿಗೂ ಒಂದೂ ನೆನಪಿಲ್ಲ ಎಂದಾದರೆ ಬರೆದವರಿಗೆ ವಿಷಯ ತಿಳಿಯುತ್ತದೆ, ಯಾರೂ ಮನಸ್ಸು ನೋಯಿಸಿದ ಹಾಗೂ ಆಗುವುದಿಲ್ಲ.

ಪ್ರತಿ, ಧ್ವನಿಮುದ್ರಣ, ಮಳೆಗಾಲ

ಓದಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಉಮೇದು ಮೂರನೆಯ ಬೈಠಕ್ಕಿನ ಹೊತ್ತಿಗೆ ಖಂಡಿತ ಬರುತ್ತದೆ. ಲೇಖಕಿ ಬದುಕಿರುವಷ್ಟು ಕಾಲ, ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷ, ಹಕ್ಕು ಅವರದು ಅಥವಾ ಅವರ ವಾರಸುದಾರರದು. ಕೊಡಗಿನ ಗೌರಮ್ಮನವರ ಕಥೆಗಳು ಈಗ ಎಲ್ಲರ ಸ್ವತ್ತು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರವು 2024ರಿಂದ. ರಾಜವಾಡೆ ಮತ್ತು ಎಂ.ಕೆ. ಇಂದಿರಾ ಇಬ್ಬರೂ ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಬರಹಕ್ಕೆ 2054ರ ಕೊನೆಯವರೆಗೆ ಹಕ್ಕು ಇದೆ. 2023ರ ಜನವರಿಯಲ್ಲಿ ತೀರಿಕೊಂಡ ಸಾರಾ ಅವರದಕ್ಕೆ 2083ರ ಕೊನೆಯವರೆಗೆ. ವೈದೇಹಿಯವರ ಕಥೆಯನ್ನು ಸಾರ್ವಜನಿಕವಾಗಿ ಹಾಕಬೇಕಾದರೆ ಲಿಖಿತ ಅನುಮತಿ ಬೇಕು. ಕೂಟದೊಳಗಿನ ಖಾಸಗಿ ಅಧ್ಯಯನಕ್ಕೆ ಒಂದು ಕಥೆಯ ಪ್ರತಿ ತೆಗೆಯುವುದು ಬೇರೆ, ಇಡೀ ಪುಸ್ತಕವನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ತಳ್ಳುವುದು ಬೇರೆ. ಹತ್ತು ಜನರ ಕೂಟ ಎಂದರೆ ಸಣ್ಣ ಪ್ರಕಾಶಕರಿಗೆ ಹತ್ತು ಪ್ರತಿಯ ಮಾರಾಟ. ಕೊಂಡೇ ಓದಿ.

ಗುರುತು ಹಾಕಿದ ಹಾಳೆಗಳನ್ನು ಬೈಠಕ್ ಮುಗಿದ ಕೂಡಲೇ ಒಬ್ಬರು ಸಂಗ್ರಹಿಸಿ, ಕಥೆಯ ಹೆಸರು, ದಿನಾಂಕ, ಗುರುತು ಹಾಕಿದವರ ಮೊದಲಕ್ಷರ ಬರೆದು ಒಂದೇ ಫೈಲಿಗೆ ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಫೈಲು ಗೋಡೆಗೆ ತಾಗಿದ ಕಪಾಟಿನಲ್ಲಿರಬಾರದು. ಜೆರಾಕ್ಸ್ ಹಾಳೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಶಾಯಿ ಎದ್ದುಬರುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಬಿಸಿಲು ಬಿದ್ದ ದಿನ ಒಮ್ಮೆ ತೆರೆದು ಗಾಳಿಯಾಡಿಸಿ.